ಟ್ರೀಟಿ 7 ನೆಲದಲ್ಲಿ ಜಮೀನು, ಲೀಸ್, ತೆರಿಗೆ: ವಕೀಲರನ್ನು ಕೇಳಿ

ಅಡ್ಮಿನ್: ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ ಸುತ್ತಮುತ್ತಲ ಕನ್ನಡಿಗರಿಗೆಲ್ಲ ನಮಸ್ಕಾರ. ಇಲ್ಲಿನ ಮೂಲನಿವಾಸಿಗಳ ಜಮೀನು ಮತ್ತು ಟ್ರೀಟಿ ಕೇಸುಗಳನ್ನು ನೋಡುವ ವಕೀಲರೊಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ. ಪ್ರಶ್ನೆಗಳನ್ನು ಕೆಳಗೆ ಹಾಕಿ.

ಏರ್ಡ್ರಿ ಅಮ್ಮ: ಮೇಡಂ, ಮಗಳ ಶಾಲೆಯಲ್ಲಿ “ನಾವು ಟ್ರೀಟಿ 7 ನೆಲದಲ್ಲಿದ್ದೇವೆ” ಅಂತ ಹೇಳಿಸುತ್ತಾರೆ. ಹಾಗಂದ್ರೆ ಏನಮ್ಮ ಅಂತ ಕೇಳಿದಳು. ನನಗೆ ಹೇಳೋಕೆ ಬರಲಿಲ್ಲ.

ವಕೀಲರು: ಒಳ್ಳೇ ಪ್ರಶ್ನೆ ಕೇಳಿದ್ದಾಳೆ. 1877ರ ಸೆಪ್ಟೆಂಬರ್ 22ರಂದು ಬೋ ನದಿ ದಂಡೆಯ ಬ್ಲ್ಯಾಕ್‌ಫುಟ್ ಕ್ರಾಸಿಂಗ್‌ನಲ್ಲಿ ಆದ ಒಪ್ಪಂದ ಅದು. ಒಂದು ಕಡೆ ಬ್ರಿಟಿಷ್ ರಾಣಿಯ ಪರವಾಗಿ ಡೇವಿಡ್ ಲೇರ್ಡ್ ಮತ್ತು ಜೇಮ್ಸ್ ಮೆಕ್ಲೌಡ್. ಇನ್ನೊಂದು ಕಡೆ ಸಿಕ್ಸಿಕಾ, ಕೈನಾಯ್, ಪಿಕಾನಿ, ತ್ಸೂಟಿನಾ, ಸ್ಟೋನಿ ನಕೋಡಾ ಮುಖಂಡರು. ನೆಲವನ್ನು ಬಿಟ್ಟುಕೊಟ್ಟರು ಅಂತ ಸರ್ಕಾರದ ಕಾಗದ ಹೇಳುತ್ತದೆ. ಬದಲಿಗೆ ಐದು ಜನರ ಕುಟುಂಬಕ್ಕೆ ಒಂದು ಚದರ ಮೈಲಿ ಲೆಕ್ಕದಲ್ಲಿ ರಿಸರ್ವ್ (ಅವರಿಗೆಂದು ಮೀಸಲಿಟ್ಟ ನೆಲ), ದನ, ಮೇಷ್ಟ್ರ ಸಂಬಳ, ವರ್ಷಕ್ಕೆ ತಲೆಗೆ 5 ಡಾಲರ್. ಅವರ ಹಿರಿಯರು ಹೇಳುವುದೇ ಬೇರೆ. ಅದು ಶಾಂತಿಯ ಮಾತು, ನೆಲವನ್ನು ಬರೆದುಕೊಡುವ ಮಾತೇ ಬಂದಿರಲಿಲ್ಲ ಅನ್ನುತ್ತಾರೆ.

ಆ 5 ಡಾಲರ್ ಇವತ್ತಿಗೂ 5 ಡಾಲರೇ. ಹಣ ಹಂಚುವ ದಿನ ನಾನು ಹೋಗಿದ್ದೆ. ಮೇಜಿನ ಮೇಲೆ ನೀಲಿ ನೋಟುಗಳ ಕಟ್ಟು, ಪಕ್ಕದಲ್ಲಿ ಕೆಂಪು ಕೋಟಿನ ಪೊಲೀಸ್. ಅಜ್ಜಿಯೊಬ್ಬರು ಮೊಮ್ಮಗನ ಕೈಗೆ ನೋಟು ಕೊಡಿಸಿ, “ಇದನ್ನು ಖರ್ಚು ಮಾಡಬೇಡ, ಅವರು ಮಾತು ಕೊಟ್ಟಿದ್ದಕ್ಕೆ ಇದೇ ಸಾಕ್ಷಿ” ಅಂದರು. ಮಗಳಿಗೆ ಇದನ್ನು ಹೇಳಿ.

ಹೊಸ ಪಿಆರ್: ಇಂಡಿಜಿನಸ್ ಜನ ಟ್ಯಾಕ್ಸೇ ಕಟ್ಟಲ್ವಂತೆ, ಹೌದಾ?

ವಕೀಲರು: ಇಲ್ಲ. ಮೂಲನಿವಾಸಿಗಳ ಕುರಿತ ಕೆನಡಾದ ಕಾಯ್ದೆ ಇಂಡಿಯನ್ ಆ್ಯಕ್ಟ್‌ನ 87ನೇ ಸೆಕ್ಷನ್ ಪ್ರಕಾರ ಸ್ಟೇಟಸ್ (ಆ ಕಾಯ್ದೆಯಡಿ ನೋಂದಣಿ) ಇರುವವರಿಗೆ ರಿಸರ್ವ್‌ಗೆ ಸಂಬಂಧಿಸಿದ ಆದಾಯ ಮತ್ತು ಸ್ವತ್ತಿಗೆ ಮಾತ್ರ ವಿನಾಯಿತಿ. ಹೊರಗೆ ದುಡಿದರೆ ಸಾಮಾನ್ಯವಾಗಿ ಎಲ್ಲರ ಹಾಗೆಯೇ ಕಟ್ಟಬೇಕು.

ಸರ್ರೆಯಿಂದ: ಮೇಡಂ, ಈ ಫಾರ್ವರ್ಡ್ ನೋಡಿ. “ಕೌವಿಚನ್ ತೀರ್ಪಿನಿಂದ ಬ್ರಿಟಿಷ್ ಕೊಲಂಬಿಯಾದ ಮನೆಗಳೆಲ್ಲ ಹೋದವು, ಮುಂದಿನದು ಆಲ್ಬರ್ಟಾ. ಈ ಡಿಕ್ಲರೇಶನ್ ನೋಟರಿ ಮಾಡಿಸಿ ಇಟ್ಟುಕೊಂಡರೆ ನಿಮ್ಮ ಮನೆ ಸೇಫ್.”

ವಕೀಲರು: ಆ ಕಾಗದಕ್ಕೆ ಬೆಲೆ ಇಲ್ಲ. ನೋಟರಿಗೆ ದುಡ್ಡು ಕೊಡಬೇಡಿ. ಕೌವಿಚನ್ ಅನ್ನುವ ಮೂಲನಿವಾಸಿಗಳಿಗೆ ಹಕ್ಕಿದೆ ಅಂದ 2025ರ ಆಗಸ್ಟ್‌ನ ತೀರ್ಪು ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ರಿಚ್ಮಂಡ್‌ನ ಒಂದು ನಿರ್ದಿಷ್ಟ ಜಾಗದ್ದು. ಖಾಸಗಿ ಮನೆಯವರ ಟೈಟಲ್ ರದ್ದು ಮಾಡಿ ಅಂತ ಕೌವಿಚನ್ ಜನ ಕೇಳಿರಲಿಲ್ಲ. ತೀರ್ಪಿನ ಮೇಲೆ ಅಪೀಲು ಹಾಕಿದ್ದಾರೆ. ಅಲ್ಲಿ ಬಹುಪಾಲು ನೆಲಕ್ಕೆ ಒಪ್ಪಂದವೇ ಆಗಿಲ್ಲ, ಇಲ್ಲಿ 6, 7, 8ನೇ ಟ್ರೀಟಿಗಳಿವೆ. ಎರಡನ್ನೂ ಕಲಸಬೇಡಿ. ದಯವಿಟ್ಟು ಇಂಥದ್ದನ್ನು ಹತ್ತು ಜನಕ್ಕೆ ಕಳಿಸುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಹಾಸನದ ರೈತ: ನಮಸ್ಕಾರ ಮೇಡಂ. ರಿಸರ್ವ್‌ನವರೊಬ್ಬರು ಪರಿಚಯ. 60 ಎಕರೆ ಮೂರು ವರ್ಷಕ್ಕೆ ಲೀಸ್ ಕೊಡ್ತೀನಿ ಅಂದಿದ್ದಾರೆ. ಬಟಾಣಿ, ಬೆಳ್ಳುಳ್ಳಿ ಹಾಕುವ ಆಸೆ. ಬಾಡಿಗೆ ಪಕ್ಕದ ಜಮೀನಿನ ಅರ್ಧ. ಕ್ಯಾಶ್ ಕೊಟ್ಟು ಬಿಳಿ ಹಾಳೆಯಲ್ಲಿ ಇಬ್ಬರೂ ಸಹಿ ಹಾಕುವುದು ಅಂತ ಮಾತಾಗಿದೆ. ಊರಲ್ಲಿ ಅಪ್ಪ ಬಾಯಿಮಾತಲ್ಲೇ ಗುತ್ತಿಗೆ ಮಾಡ್ತಿದ್ದರು. ತೊಂದರೆ ಇಲ್ಲ ಅಲ್ವಾ?

ವಕೀಲರು: ತೊಂದರೆ ಇದೆ. ಒಂದು ಡಾಲರೂ ಕೊಡಬೇಡಿ. ಪೂರ್ತಿ ಓದಿ.

ಇಂಥ ಲೀಸ್‌ಗೆ ಇಲ್ಲಿ “ಬಕ್‌ಶೀ ಲೀಸ್” ಅನ್ನುತ್ತಾರೆ. ಇಂಡಿಯನ್ ಆ್ಯಕ್ಟ್‌ನ 28ನೇ ಸೆಕ್ಷನ್ ಪ್ರಕಾರ ರಿಸರ್ವ್‌ನ ಒಬ್ಬ ಸದಸ್ಯ ಹೊರಗಿನವರಿಗೆ ಹೀಗೆ ಬರೆದುಕೊಟ್ಟ ಲೀಸ್ ಹುಟ್ಟುವಾಗಲೇ ಸತ್ತ ಹಾಗೆ. ನೀವು ಉತ್ತು, ಬಿತ್ತಿ, ಬೇಲಿ ಹಾಕಿದ ಮೇಲೂ ಕಾನೂನಿನ ಕಣ್ಣಲ್ಲಿ ಅತಿಕ್ರಮಣ ಮಾಡಿದವರೇ. ಜುಲೈನಲ್ಲಿ ಹೊರಗೆ ಹೋಗಿ ಅಂದರೆ ಬೆಳೆ ಬಿಟ್ಟು ಹೋಗಬೇಕು. ಆ ಹಾಳೆ ಹಿಡಿದು ಕೋರ್ಟಿಗೆ ಹೋದರೆ ಲೀಸ್ ನಿಲ್ಲುವುದಿಲ್ಲ.

ಸರಿಯಾದ ದಾರಿ ಇದೆ. ಆ ನೇಷನ್‌ನ, ಅಂದರೆ ಆ ಮೂಲನಿವಾಸಿ ಸಮುದಾಯದ, ಕೌನ್ಸಿಲ್‌ನಲ್ಲಿ ಜಮೀನು ವಿಭಾಗ ಇರುತ್ತದೆ. ಅಲ್ಲಿಗೆ ಹೋಗಿ. 28ನೇ ಸೆಕ್ಷನ್‌ನ ಎರಡನೇ ಭಾಗದ ಪ್ರಕಾರ ಕೇಂದ್ರದ ಸಚಿವರು ಪರ್ಮಿಟ್ ಕೊಡಬಹುದು. ಒಂದು ವರ್ಷಕ್ಕಿಂತ ಜಾಸ್ತಿ ಬೇಕಾದರೆ ಕೌನ್ಸಿಲ್ ಒಪ್ಪಬೇಕು. ಕೆಲವು ನೇಷನ್‌ಗಳು ತಮ್ಮದೇ ಜಮೀನು ಕಾನೂನು ಮಾಡಿಕೊಂಡಿವೆ, ಅಲ್ಲಿ ಅದರಂತೆ.

ಇನ್ನೊಂದು ಮಾತು. ಬಾಡಿಗೆ ಯಾಕೆ ಅರ್ಧ ಅಂತ ಯೋಚಿಸಿದ್ರಾ? 1879ರ ಹೊತ್ತಿಗೆ ಈ ಕಡೆ ಕಾಡೆಮ್ಮೆ ಮುಗಿದೇ ಹೋಗಿದ್ದವು. ಹಸಿದ ಜನ ರಿಸರ್ವ್‌ಗೆ ಬಂದು ಬೇಸಾಯ ಕಲಿತರು. 1889ರಿಂದ ಹೇಟರ್ ರೀಡ್ ಅನ್ನುವ ಅಧಿಕಾರಿ ಪ್ರೇರೀ (ಹುಲ್ಲುಬಯಲು) ಸೀಮೆಯ ರಿಸರ್ವ್‌ಗಳಲ್ಲಿ ಹೊಸ ನಿಯಮ ತಂದ. ಯಂತ್ರ ಬೇಡ, ಕುಡುಗೋಲು ಗುದ್ದಲಿ ಸಾಕು, ಸಣ್ಣ ತುಂಡು ಜಮೀನು ಸಾಕು. ಬೆಳೆದ ಧಾನ್ಯ ಮಾರಲು ಸರ್ಕಾರಿ ಏಜೆಂಟನ ಪರ್ಮಿಟ್ ಬೇಕಿತ್ತು. ಆ ಪರ್ಮಿಟ್ ಸೆಕ್ಷನ್ ಕಾನೂನಿನಿಂದ ಹೋಗಿದ್ದು 2014ರಲ್ಲಿ. ರೀಡ್‌ನ ಕಾಲದಲ್ಲೇ ಹೊರಗಿನಿಂದ ಬಂದವರಿಗೆ 10 ಡಾಲರ್ ಫೀಸಿಗೆ 160 ಎಕರೆ. 1910ರಲ್ಲಿ ಸಿಕ್ಸಿಕಾ ರಿಸರ್ವ್‌ನ ಅರ್ಧದಷ್ಟು ನೆಲ ಹೋಯಿತು. ಅದಕ್ಕೆ ಪರಿಹಾರ, 130 ಕೋಟಿ ಡಾಲರ್, ಒಪ್ಪಂದವಾಗಿದ್ದು 2022ರಲ್ಲಿ. ಇಷ್ಟು ಆದ ಮೇಲೆ ಟ್ರ್ಯಾಕ್ಟರ್ ಇಲ್ಲದವನು, ಅಡ ಇಡಲಾಗದ ಜಮೀನಿನ ಮೇಲೆ ಬ್ಯಾಂಕ್ ಸಾಲ ಹುಟ್ಟದವನು, ಸಿಕ್ಕಿದ ಬೆಲೆಗೆ ಲೀಸ್ ಕೊಡುತ್ತಾನೆ. ನಿಮಗೆ ಉಳಿಯುವ ಆ ಅರ್ಧ ಅವನ ಮನೆಯದು. ಸರಿಯಾದ ಬಾಡಿಗೆ ಕೊಟ್ಟು ಮಾಡಿ.

ಹೊಸ ಪಿಆರ್: ಹಾಗಾದ್ರೆ ರಿಸರ್ವ್‌ನಲ್ಲಿ ನಾವು ಪೆಟ್ರೋಲ್ ಹಾಕಿಸಿದರೆ ಟ್ಯಾಕ್ಸ್ ಇಲ್ವಾ?

ವಕೀಲರು: ಇದೆ. ವಿನಾಯಿತಿ ನಿಮಗಲ್ಲ.

ಡೌನ್‌ಟೌನ್ ಟೆಕ್ಕಿ: ಕ್ಷಮಿಸಿ, ಆದ್ರೆ 150 ವರ್ಷ ಹಳೇ ಕಾಗದ. ಎಷ್ಟು ದಿನ ಅಂತ ಇವರಿಗೆ ಫ್ರೀ ದುಡ್ಡು? ನಾವೂ ಬರಿಗೈಲಿ ಬಂದವರೇ.

ಮಂಡ್ಯದವನು: 1924ರ ಕಾವೇರಿ ಒಪ್ಪಂದ ಬ್ರಿಟಿಷರು ಮೈಸೂರಿನ ಮೇಲೆ ಹೇರಿದ್ದು ಅಂತ ನಮ್ಮಪ್ಪ ಇವತ್ತಿಗೂ ಬೈತಾರೆ. ಅದು ನ್ಯಾಯ, ಇದು ಹಳೇ ಕಾಗದ, ಹೇಗೆ ಗುರು?

ಡೌನ್‌ಟೌನ್ ಟೆಕ್ಕಿ: ಕಾವೇರಿ ನಮ್ಮ ನೀರು. ಎಲ್ಲದಕ್ಕೂ ಕಾವೇರಿ ತರಬೇಡ.

ಎಚ್.ಡಿ. ಕೋಟೆ ಹುಡುಗಿ: ನಾಗರಹೊಳೆಯಿಂದ ಜೇನುಕುರುಬರನ್ನು ಎಬ್ಬಿಸಿದ್ದೂ ನೆನಪಿರಲಿ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾವೇನು ಒಳ್ಳೆಯವರಲ್ಲ.

ಡೌನ್‌ಟೌನ್ ಟೆಕ್ಕಿ: ಸರಿ, ನಾವೆಲ್ಲ ಕೆಟ್ಟವರು. ಮನೆ ಮಾರಿ ವಾಪಸ್ ಹೋಗ್ಲಾ?

ಮಂಡ್ಯದವನು: ಯಾರೂ ಹೋಗು ಅಂದಿಲ್ಲ. ಓದಿ ಮಾತಾಡು ಅಂದಿದ್ದು.

ವಕೀಲರು: ಕಾವೇರಿ ಹೋಲಿಕೆಯಲ್ಲಿ ಒಂದು ವ್ಯತ್ಯಾಸ. ಮೈಸೂರಿಗೆ ದಿವಾನರು, ಎಂಜಿನಿಯರುಗಳು ಇದ್ದರು. ಇಲ್ಲಿ ಮುಖಂಡರಿಗೆ ಕಾಗದದ ಭಾಷೆಯೇ ಗೊತ್ತಿರಲಿಲ್ಲ. 1927ರಿಂದ 1951ರವರೆಗೆ ಸರ್ಕಾರದ ಅನುಮತಿ ಇಲ್ಲದೆ ಜಮೀನಿನ ಕೇಸಿಗೆ ಹಣ ಕೂಡಿಸುವುದೇ ಅಪರಾಧವಾಗಿತ್ತು. ನನ್ನಂಥ ವಕೀಲರನ್ನು ಇಟ್ಟುಕೊಳ್ಳುವುದು ಹೇಗೆ? ಕೈನಾಯ್ ಜನಕ್ಕೆ 162.5 ಚದರ ಮೈಲಿ ಕಡಿಮೆ ಕೊಟ್ಟಿದ್ದಾರೆ, ಮಾತು ಮುರಿದಿದ್ದಾರೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ. ಆದರೆ ಕೇಸು ಹಾಕುವ ಹೊತ್ತಿಗೇ ಅದರ ಅವಧಿ ಮೀರಿತ್ತು.

ಫ್ರೀ ದುಡ್ಡಿನ ಮಾತು ಬಂತು. ಆಲ್ಬರ್ಟಾದಲ್ಲಿ ಪ್ರಾಂತ್ಯದ ಸೇಲ್ಸ್ ಟ್ಯಾಕ್ಸ್ ಇಲ್ಲ. ಖಜಾನೆಗೆ ಎಣ್ಣೆ, ಗ್ಯಾಸಿನ ರಾಯಧನ ಬರುತ್ತದೆ ಅನ್ನುವುದು ಅದಕ್ಕೆ ದೊಡ್ಡ ಕಾರಣ. 1930ರಲ್ಲಿ ಒಟ್ಟಾವಾ, ಅಂದರೆ ಕೇಂದ್ರ ಸರ್ಕಾರ, ಈ ನೆಲ, ಖನಿಜವನ್ನೆಲ್ಲ ಪ್ರಾಂತ್ಯಕ್ಕೆ ವರ್ಗಾಯಿಸಿತು. ಟ್ರೀಟಿ ಮಾಡಿಕೊಂಡವರ ಒಪ್ಪಿಗೆ ಪಡೆಯಲಿಲ್ಲ. ನೀವು ಅಂಗಡಿಯಲ್ಲಿ ಉಳಿಸುವ ದುಡ್ಡಿನಲ್ಲಿ ಅದೂ ಸೇರಿದೆ.

ಡೌನ್‌ಟೌನ್ ಟೆಕ್ಕಿ: ಇದು ವಕೀಲರ ಉತ್ತರವಲ್ಲ, ರಾಜಕೀಯ.

ವಕೀಲರು: ಕಾನೂನು ಓದಿಯೇ ಹೇಳುತ್ತಿದ್ದೇನೆ. ನಿಮ್ಮ ಜೊತೆ ಇನ್ನು ವಾದ ಮಾಡುವುದಿಲ್ಲ.

ರೆಡ್ ಡೀರ್‌ನಿಂದ: ಆಲ್ಬರ್ಟಾ ಕೆನಡಾದಿಂದ ಬೇರೆಯಾದರೆ ಟ್ರೀಟಿ ಏನಾಗುತ್ತೆ ಮೇಡಂ?

ಸರ್ರೆಯಿಂದ: ಇನ್ನೊಂದು ಫಾರ್ವರ್ಡ್ ಬಂತು. 300 ಡಾಲರ್‌ಗೆ ಮೂಲನಿವಾಸಿ ಕಾರ್ಡ್ ಮಾಡಿಸಿಕೊಟ್ಟರೆ ಟ್ಯಾಕ್ಸ್ ಫ್ರೀಯಂತೆ.

ವಕೀಲರು: ಅದು ಮೋಸ. ಬಳಸಿದರೆ ಸಿಕ್ಕಿಬೀಳುವವರು ನೀವು. ಡಿಲೀಟ್ ಮಾಡಿ. ಇನ್ನು ಫಾರ್ವರ್ಡ್ ಹಾಕಬೇಡಿ, ನಾನು ಓದುವುದಿಲ್ಲ.

ಅಡ್ಮಿನ್: ಎಲ್ಲರೂ ಸ್ವಲ್ಪ ಮರ್ಯಾದೆಯಿಂದ ಮಾತಾಡಿ. ಮೂರು ಕಾಮೆಂಟ್ ತೆಗೆದಿದ್ದೇನೆ.

ಹಾಸನದ ರೈತ: ಮೇಡಂ, ಕೌನ್ಸಿಲ್ ಆಫೀಸಿಗೆ ಫೋನ್ ಮಾಡಿದೆ. ಮಂಗಳವಾರ ಬನ್ನಿ ಅಂದರು. ಜಮೀನು ಕೊಡುವವರೂ ಜೊತೆಗೆ ಬರ್ತಾರಂತೆ. ಅವರಿಗೂ ಪರ್ಮಿಟ್ ಇದ್ದರೇ ನೆಮ್ಮದಿ ಅಂದರು.

ವಕೀಲರು: ತುಂಬಾ ಸಂತೋಷ. ಯಾವ ತುಂಡು ಜಮೀನು ಅನ್ನೋದಕ್ಕೆ ನಕ್ಷೆ ತಗೊಂಡು ಹೋಗಿ. ನೀರು ಎಲ್ಲಿಂದ, ಬೇಲಿ ಯಾರದು, ಎರಡನ್ನೂ ಬರೆಸಿ. ಪರ್ಮಿಟ್ ಕೈಗೆ ಬರುವವರೆಗೆ ಬೀಜ ಕೊಳ್ಳಬೇಡಿ.

ಹೊಸ ಪಿಆರ್: ಮೇಡಂ, ಕಾರು ರಿಸರ್ವ್‌ನಲ್ಲಿ ತಗೊಂಡ್ರೆ?