ಓದುಗರ ಸ್ಪಂದನ: ಸಾಲ ಮಾಡಿ ಬಿ.ಪಿ.ಎಡ್. ಓದಲೇ?

ಕಳೆದ ವಾರದ ಸಮಸ್ಯೆ: ಬಿ.ಎ. ಮುಗಿಸಿದ್ದೇನೆ. ವಿಶ್ವವಿದ್ಯಾಲಯದ ಖೋ ಖೋ ತಂಡದಲ್ಲಿ ಆಡಿದ್ದೇನೆ. ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮಾಡಿ ಪಿ.ಟಿ. ಟೀಚರ್ ಆಗಬೇಕೆಂಬ ಆಸೆ. ಖಾಸಗಿ ಕಾಲೇಜೊಂದರಲ್ಲಿ ಫೀಸು, ಹಾಸ್ಟೆಲ್ ಎಲ್ಲಾ ಸೇರಿ ಎರಡು ವರ್ಷಕ್ಕೆ 3 ಲಕ್ಷ ಆಗುತ್ತದೆ. ಬ್ಯಾಂಕ್ ಸಾಲ ಕೊಡಲು ಒಪ್ಪಿದೆ. ನಮ್ಮದು ಎರಡು ಎಕರೆ ರಾಗಿ ಹೊಲ. "ಡ್ರಿಲ್ ಟೀಚರ್ ಸಂಬಳದಲ್ಲಿ ಇದು ತೀರುತ್ತೇನಮ್ಮಾ?" ಎಂದು ಅಪ್ಪ ಕೇಳುತ್ತಾರೆ. ಏನು ಹೇಳಲಿ?
— ತುಮಕೂರು ಜಿಲ್ಲೆಯ ಓದುಗಿ

ತಂಗೀ, ನಾನೂ ಸಾಲ ಮಾಡಿಯೇ ಬಿ.ಪಿ.ಎಡ್. ಓದಿದವನು. ಓದುವಾಗ ನಮ್ಮ ಲೆಕ್ಕವೆಲ್ಲ ಸರ್ಕಾರಿ ಸಂಬಳದ ಮೇಲೆ ಇತ್ತು. ಹೈಸ್ಕೂಲಿಗೆ ಗ್ರೇಡ್-1 ದೈಹಿಕ ಶಿಕ್ಷಕ ಆಗುತ್ತೇನೆ, ಎರಡು ವರ್ಷದಲ್ಲಿ ಸಾಲ ಚುಕ್ತಾ ಅಂತ. ಆದರೆ ಕೋರ್ಸ್ ಮುಗಿದಾಗ ನೇಮಕಾತಿಯ ಸುದ್ದಿಯೇ ಇರಲಿಲ್ಲ. ಖಾಸಗಿ ಶಾಲೆಗೆ ಸೇರಿದೆ. ಕೈಗೆ 12 ಸಾವಿರ. ಅದೂ ವರ್ಷಕ್ಕೆ ಹತ್ತೇ ತಿಂಗಳು. ಏಪ್ರಿಲ್, ಮೇ ಸಂಬಳ ಇಲ್ಲ. ಬ್ಯಾಂಕಿಗೆ ಮಾತ್ರ ಬೇಸಿಗೆ ರಜೆ ಇರುವುದಿಲ್ಲ ಅಲ್ವಾ? ಕಂತು ತಪ್ಪಿದಾಗ ಫೋನ್ ಹೋಗುತ್ತಿದ್ದದ್ದು ನನಗಲ್ಲ, ಜೊತೆಗೆ ಸಹಿ ಹಾಕಿದ್ದ ಅಪ್ಪನಿಗೆ. ಆ ಎರಡು ವರ್ಷ ಹಬ್ಬಕ್ಕೆ ಊರಿಗೆ ಹೋಗಲೂ ಮುಜುಗರ.

ನಮ್ಮ ಕೆಲಸಕ್ಕೆ ಬೆಲೆ ಕಡಿಮೆ ಇರುವುದಕ್ಕೆ ಒಂದು ಕಾರಣವನ್ನೂ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ತೆಗೆದು ನೋಡಿ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಆಟದ ಪಾಠಕ್ಕೆ ಕೇಳುವುದು ಅರೆಕಾಲಿಕ ಬೋಧಕರನ್ನು. ಕಾಯ್ದೆಯೇ ಅರ್ಧ ಕೆಲಸ ಎಂದ ಮೇಲೆ ಆಡಳಿತ ಮಂಡಳಿ ಪೂರ್ತಿ ಸಂಬಳ ಯಾಕೆ ಕೊಡುತ್ತದೆ? ಇದು ಬದಲಾಗಲೇಬೇಕು. ಅಲ್ಲಿಯವರೆಗೆ ನೀವು ಖಾಸಗಿ ಶಾಲೆಯ ಮೊದಲ ಸಂಬಳವನ್ನು ಮುಂದಿಟ್ಟುಕೊಂಡು ಸಾಲದ ಮೊತ್ತ ಗೊತ್ತುಮಾಡಿ. ಸರ್ಕಾರಿ ಕೆಲಸ ಸಿಕ್ಕರೆ ಸಂತೋಷ. ಅದನ್ನು ನಂಬಿ ಸಹಿ ಹಾಕಬೇಡಿ.
— ದೈಹಿಕ ಶಿಕ್ಷಕ, ಹಾಸನ

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಅಪ್ಪನ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡೋಣ ಮಗಳೇ.

ಶೇ. 11 ಬಡ್ಡಿ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಒಂದೂವರೆ ಲಕ್ಷ, ಎರಡನೇ ವರ್ಷ ಒಂದೂವರೆ ಲಕ್ಷ ಕೈಗೆ ಬರುತ್ತದೆ. ಸಾಮಾನ್ಯವಾಗಿ ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷಕ್ಕೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಆ ಮೂರು ವರ್ಷ ಸುಮ್ನೆ ಕೂತರೆ 82,500 ಬಡ್ಡಿ ಸೇರಿ ಸಾಲ 3,82,500 ಆಗುತ್ತದೆ. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 6,550 ರೂಪಾಯಿ. ಸಂಬಳ 15 ಸಾವಿರ ಇದ್ದರೆ ಅರ್ಧದ ಹತ್ತಿರ ಹೋಯಿತು. "ಹದಿನೈದು ವರ್ಷಕ್ಕೆ ಮಾಡಿಕೊಡಿ, ಕಂತು ಕಡಿಮೆಯಾಗಲಿ" ಎನ್ನುವವರಿದ್ದಾರೆ. ಆಗ ಕಂತು 4,350ಕ್ಕೆ ಇಳಿಯುತ್ತದೆ, ನಿಜ. ಆದರೆ ಒಟ್ಟು ಕಟ್ಟುವುದು 7.8 ಲಕ್ಷ! ಏಳು ವರ್ಷದಲ್ಲಾದರೆ 5.5 ಲಕ್ಷ.

ಓದುವಾಗಿನಿಂದಲೇ, ಕಂತು ಶುರುವಾಗುವವರೆಗೆ, ಬಡ್ಡಿಯನ್ನಷ್ಟೇ ಕಟ್ಟುತ್ತಾ ಬನ್ನಿ. ಮೊದಲ ವರ್ಷ ತಿಂಗಳಿಗೆ 1,375, ಆಮೇಲೆ 2,750. ಹೀಗೆ ಮಾಡಿದರೆ ಏಳು ವರ್ಷದ ಕಂತು 5,140ಕ್ಕೆ ನಿಲ್ಲುತ್ತದೆ. ಓದುವಾಗ ಬಡ್ಡಿ ಕಟ್ಟುವವರಿಗೆ ದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳಿವೆ, ಹೆಣ್ಣುಮಕ್ಕಳಿಗೆ ಅಂತಲೂ ಇದೆ. ಎರಡನ್ನೂ ಬಾಯಿಬಿಟ್ಟು ಕೇಳಿ. ಮನೆಯ ವರ್ಷದ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಇದೆ, ಆದರೆ ಎಲ್ಲ ಕೋರ್ಸಿಗೂ, ಎಲ್ಲ ಕಾಲೇಜಿಗೂ ಇಲ್ಲ. ನಿಮ್ಮದಕ್ಕೆ ಸಿಗುತ್ತದೆಯೇ ಎಂದು ಸಹಿಗೆ ಮೊದಲೇ ತಿಳಿದುಕೊಳ್ಳಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಹೊಲದ ಪತ್ರ ಅಡ ಇಡಬೇಕಾಗಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.

ನನ್ನನ್ನು ಕೇಳಿದರೆ 3 ಲಕ್ಷ ಜಾಸ್ತಿ. ಸಾಲ 1 ಲಕ್ಷಕ್ಕೆ ಇಳಿದರೆ ಕಂತು 2,200ರ ಒಳಗೆ ಬರುತ್ತದೆ. ಅದನ್ನು ಯಾವ ಸಂಬಳದಲ್ಲೂ ತೀರಿಸಬಹುದು.
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಖೋ ಖೋ ಬಿಡಬೇಡಿ ಅಕ್ಕಾ. 2025ರಲ್ಲಿ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿ ಶಾಲೆಯಲ್ಲಿ ಆಟ ಕಲಿಸುವವರು ಬೇಕು. ನೀವು ಬನ್ನಿ.
— ಪಿಯುಸಿ ವಿದ್ಯಾರ್ಥಿನಿ, ಟಿ. ನರಸೀಪುರ

ನಾನು ಕೇಂದ್ರೀಯ ವಿದ್ಯಾಲಯದಲ್ಲಿ ಆಟದ ಟೀಚರ್. ಎಲ್ಲರೂ ರಾಜ್ಯದ ನೇಮಕಾತಿಯನ್ನೇ ಕಾಯುತ್ತಾರೆ. ಕೇಂದ್ರೀಯ ವಿದ್ಯಾಲಯ, ನವೋದಯ ಕೂಡ ಇವೆ ಎನ್ನುವುದು ನಮ್ಮ ಹುಡುಗಿಯರಿಗೆ ನೆನಪಾಗುವುದೇ ಇಲ್ಲ. ಏಳನೇ ವೇತನ ಆಯೋಗದ ಪ್ರಕಾರ ಅಲ್ಲಿ ಮೂಲವೇತನವೇ 44,900ರಿಂದ ಶುರು. ಪರೀಕ್ಷೆ ಕಷ್ಟ, ಪೋಸ್ಟಿಂಗ್ ದೂರದ ರಾಜ್ಯಕ್ಕೂ ಆಗಬಹುದು. ಹಿಂದಿ, ಇಂಗ್ಲಿಷ್ ಎರಡೂ ಬೇಕು. ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಇನ್ನೂ ಎರಡು ವರ್ಷ ಓದಿ ಎಂ.ಪಿ.ಎಡ್. ಮಾಡಿ, ಕಾಲೇಜಿನಲ್ಲಿ ಕಲಿಸಲು ಬೇಕಾದ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜಿನ ದಾರಿಯೂ ಇದೆ. ಆದರೆ ಅದಕ್ಕೂ ಸಾಲ ಮಾಡುವುದಾದರೆ ಬೇಡ, ಮೊದಲನೆಯದು ತೀರಲಿ.

ಇನ್ನೊಂದು ಮಾತು. ಸೇರುವ ಮೊದಲು ಆ ಕಾಲೇಜಿಗೆ ಎನ್‌ಸಿಟಿಇ (ಶಿಕ್ಷಕರ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ) ಮಾನ್ಯತೆ ಇದೆಯೇ ನೋಡಿ. ಇಲ್ಲದಿದ್ದರೆ ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ವಿಶ್ವವಿದ್ಯಾಲಯದ್ದೇ ಕಾಲೇಜಿಗೂ ಅರ್ಜಿ ಹಾಕಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್, ಉಳಿಯಲು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ವಿಚಾರಿಸಿ. ನಿಮ್ಮ 3 ಲಕ್ಷದಲ್ಲಿ ಊಟ, ವಸತಿಯದ್ದೇ ದೊಡ್ಡ ಪಾಲು ಇರುತ್ತದೆ.
— ದೈಹಿಕ ಶಿಕ್ಷಕಿ, ಬೆಳಗಾವಿ

ನನ್ನ ಮಗಳದ್ದೂ ಇದೇ ಕಥೆ. ವಾಲಿಬಾಲ್ ಆಡುತ್ತಿದ್ದಳು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅವಳ ಜೊತೆ ಬಸ್ ಹತ್ತಿ ಕಾಲೇಜು ನೋಡಲು ಹೋದೆ. ಆಫೀಸು ಚೆನ್ನಾಗಿತ್ತು, ಟೈಲ್ಸ್ ಹಾಕಿದ್ದರು. "ಮೈದಾನ ಎಲ್ಲಿ?" ಎಂದು ಕೇಳಿದೆ. ಹಿಂದೆ ಕರೆದುಕೊಂಡು ಹೋಗಿ ತೋರಿಸಿದರು. ಮೊಣಕಾಲುದ್ದ ಹುಲ್ಲು, ಎಮ್ಮೆ ಮೇಯುತ್ತಿತ್ತು. ಮಗಳು ನನ್ನ ಮುಖ ನೋಡಿದಳು. ಅದೇ ಬಸ್ಸಿಗೆ ವಾಪಸ್ ಬಂದೆವು. ಒಂದು ವರ್ಷ ಊರಿನ ಶಾಲೆಯಲ್ಲಿ ಮಕ್ಕಳನ್ನು ಆಡಿಸಿದಳು. ಮರುವರ್ಷ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಸೀಟು ಸಿಕ್ಕಿತು. 60 ಸಾವಿರ ಸಾಲದಲ್ಲಿ ಓದು ಮುಗಿಯಿತು. ನಿಮ್ಮ ಅಪ್ಪನನ್ನೂ ಒಮ್ಮೆ ಕರೆದುಕೊಂಡು ಹೋಗಿ ತಾಯೀ.
— ಒಬ್ಬ ತಂದೆ, ಚಿತ್ರದುರ್ಗ ಜಿಲ್ಲೆ