ಸೇಡಿನ ಕತೆಗೆ ಗೂಬೆ, ಮಳೆ, ನೆಲಮಾಳಿಗೆ ಎಲ್ಲ ಬೇಕಾ?

ಕಾಫಿತೋಟದವಳು:

ಒಂದು ಸೇಡಿನ ಸಣ್ಣಕತೆ ಬರೆಯುತ್ತಿದ್ದೇನೆ. ಮಲೆನಾಡಿನ ಹಳೇ ತೊಟ್ಟಿಮನೆ, ಆಸ್ತಿ ಜಗಳ, ಅಣ್ಣನ ಮೇಲೆ ತಮ್ಮನ ಹಗೆ. ಗೋಥಿಕ್ ಕತೆಗಳ, ಅಂದರೆ ಹಳೇ ಮನೆ, ಕತ್ತಲು, ಭಯದ ಕತೆಗಳ ಗುಂಗಿನಲ್ಲಿ ಶುರು ಮಾಡಿದ್ದು. ಬಾಗಿಲು ಕಿರ್ರೆನ್ನುತ್ತದೆ, ಗೂಬೆ ಕೂಗುತ್ತದೆ, ಕರೆಂಟು ಹೋಗುತ್ತದೆ. ಎಲ್ಲ ಇದೆ, ಭಯ ಮಾತ್ರ ಇಲ್ಲ. ಓದಿದ ಗೆಳತಿ 'ಸೀರಿಯಲ್ ಥರ ಇದೆ ಕಣೇ' ಅಂದಳು. ಜೊತೆಗೆ ಅಣ್ಣ ಏನೇನು ಅನ್ಯಾಯ ಮಾಡಿದ ಅಂತ ಹೇಳೋದಕ್ಕೇ ಅರ್ಧ ಕತೆ ಹೋಗಿದೆ. ಇಂಥದ್ದು ಬರೆದವರು, ಪಾಠ ಮಾಡಿದವರು ಇದ್ದರೆ ಅನುಭವ ಹೇಳಿ.

ಹಳೇ ಮೇಷ್ಟ್ರು:

ನಾನು ಡಿಗ್ರಿ ಮಕ್ಕಳಿಗೆ ಎಡ್ಗರ್ ಅಲನ್ ಪೋ ಬರೆದ 'ದಿ ಕಾಸ್ಕ್ ಆಫ್ ಅಮಾಂಟಿಲಾಡೊ' ಪಾಠ ಮಾಡಿದವನು. 1846ರ ಕತೆ, ಕೆಲವೇ ಪುಟ. ನಿಮ್ಮ ಎರಡೂ ತಲೆನೋವಿಗೆ ಅದರಲ್ಲಿ ಮದ್ದಿದೆ.

ಗೊತ್ತಿಲ್ಲದವರಿಗೆ ಕತೆ ಇಷ್ಟು. ಇಟಲಿಯ ಒಂದು ಊರು, ಕಾರ್ನಿವಲ್ ಹಬ್ಬದ ಸಂಜೆ. ಮಾಂಟ್ರೆಸರ್ ಅನ್ನೋ ಹಳೇ ಮನೆತನದವನು ಫಾರ್ಚುನಾಟೊ ಅನ್ನೋ ಗೆಳೆಯನನ್ನು ಮನೆಯ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ಅಮಾಂಟಿಲಾಡೊ ಅನ್ನೋ ಅಪರೂಪದ ಶೆರ್ರಿ ಮದ್ಯ ಸಿಕ್ಕಿದೆ, ಅಸಲಿಯೋ ನಕಲಿಯೋ ರುಚಿ ನೋಡಿ ಹೇಳು ಅನ್ನೋದು ನೆಪ. ಕೆಳಗೆ ಒಂದು ಗೂಡಿನಲ್ಲಿ ಅವನಿಗೆ ಸರಪಳಿ ಬಿಗಿದು, ಕಲ್ಲು ಗಾರೆ ಇಟ್ಟು, ಜೀವಂತ ಗೋಡೆ ಕಟ್ಟಿ ಮುಚ್ಚುತ್ತಾನೆ.

ಏನು ಅನ್ಯಾಯ ಆಗಿತ್ತು? ಹೇಳೋದೇ ಇಲ್ಲ. ಸಾವಿರ ಕೆಡುಕು ಸಹಿಸಿಕೊಂಡೆ, ಅವಮಾನ ಮಾಡೋಕೆ ಬಂದಾಗ ಸೇಡಿನ ಪಣ ತೊಟ್ಟೆ, ಇಷ್ಟೇ. ಪ್ರತಿ ವರ್ಷ ಯಾರಾದರೂ ಎದ್ದು ಕೇಳುತ್ತಿದ್ದರು: 'ಸಾರ್, ಅವನು ಮಾಡಿದ್ದಾದರೂ ಏನು?' ಆ ಪ್ರಶ್ನೆ ಬಿತ್ತು ಅಂದರೆ ಇಡೀ ಕ್ಲಾಸು ಕತೆ ಹೇಳುವವನನ್ನೇ ಅನುಮಾನದಿಂದ ನೋಡೋಕೆ ಶುರು ಮಾಡುತ್ತದೆ. ನಿಜವಾಗಿ ಏನಾದರೂ ನಡೆದಿತ್ತಾ, ಇಲ್ಲಾ ಇವನ ತಲೆಯೇ ಕೆಟ್ಟಿದೆಯಾ? ಮಕ್ಕಳು ಹೆದರಿದ್ದು ಆಗ. ನೆಲಮಾಳಿಗೆ ತುಂಬ ಹೆಣದ ಮೂಳೆಗಳ ರಾಶಿ ಇದೆ, ಅದಕ್ಕೆ ಯಾರೂ ಹೆದರಲಿಲ್ಲ.

ಇನ್ನು ಆ ಜಾಗ. ಅದು ಅಲಂಕಾರಕ್ಕಿಲ್ಲ, ದುಡಿಯುತ್ತದೆ. ಗೋಡೆ ತುಂಬ ತೇವ, ಬಿಳಿ ಉಪ್ಪು ಕಟ್ಟಿದೆ. ಫಾರ್ಚುನಾಟೊಗೆ ಕೆಮ್ಮು. 'ನಿನ್ನ ಆರೋಗ್ಯ ಮುಖ್ಯ, ವಾಪಸ್ ಹೋಗೋಣ, ಲುಕೇಸಿ ಹತ್ತಿರ ಕೇಳ್ತೀನಿ' ಅಂತಾನೆ ಮಾಂಟ್ರೆಸರ್. ಲುಕೇಸಿ ಅಂದರೆ ಮದ್ಯದ ರುಚಿ ನೋಡೋದರಲ್ಲಿ ಫಾರ್ಚುನಾಟೊನ ಎದುರಾಳಿ. ಆ ಹೆಸರು ಕಿವಿಗೆ ಬಿದ್ದಿದ್ದೇ ತಡ, ಫಾರ್ಚುನಾಟೊ ನಡಿ ನಡಿ ಅಂತಾನೆ. ತೇವಕ್ಕೆ ಒಳ್ಳೇದು ಅಂತ ಮಾಂಟ್ರೆಸರ್ ಇನ್ನಷ್ಟು ಕುಡಿಸುತ್ತಾನೆ. 'ಕೆಮ್ಮಿನಿಂದ ನಾನೇನು ಸಾಯಲ್ಲ' ಅಂತಾನೆ ಫಾರ್ಚುನಾಟೊ. 'ನಿಜ, ನಿಜ' ಅಂತಾನೆ ಮಾಂಟ್ರೆಸರ್. ಆ ಎರಡು ಮಾತನ್ನು ಎರಡನೇ ಸಲ ಓದಿ ನೋಡಿ. ಹಾಗೇ ಒಂದು ಕಡೆ ಮಾಂಟ್ರೆಸರ್ ಮೇಲಂಗಿಯೊಳಗಿಂದ ಗಾರೆ ಕರಣೆಯನ್ನೇ ತೆಗೆದು ತೋರಿಸುತ್ತಾನೆ. ಫಾರ್ಚುನಾಟೊ ತಮಾಷೆ ಅಂದುಕೊಂಡು ಮುಂದೆ ನಡೆಯುತ್ತಾನೆ.

ನಿಮ್ಮ ಕತೆಯಲ್ಲಿ ಕರೆಂಟು ಹೋಗಿದ್ದರಿಂದ ಏನಾಯಿತು? ಏನೂ ಆಗದಿದ್ದರೆ ಕರೆಂಟು ವಾಪಸ್ ಕೊಟ್ಟುಬಿಡಿ.

ಪ್ರೂಫ್ ನೋಡುವವಳು:

ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಕಾರಣ ಮುಚ್ಚಿಡೋದು ಅಲ್ಲಿ ನಡೆಯುತ್ತದೆ, ಯಾಕಂದರೆ ಕತೆ ಹೇಳುವವನೇ ಕೊಲೆಗಾರ. ನಮ್ಮ ಕಾಫಿತೋಟದವರು 'ಅವನು ಹೀಗೆ ಮಾಡಿದ' ಅಂತ ಹೊರಗಿನಿಂದ ಹೇಳುತ್ತಿದ್ದರೆ, ಕಾರಣ ಹೇಳದೆ ಹೋದದ್ದು ಲೇಖಕಿ ಮರೆತ ಹಾಗೆ ಕಾಣುತ್ತದೆ. ನನ್ನ ಕೈಗೆ ಬರುವ ಸೇಡಿನ ಕತೆಗಳಲ್ಲಿ ಇದು ಜಾಸ್ತಿ.

ಇನ್ನೊಂದು ದಾರಿ ಅದೇ ಪೋ ತೋರಿಸಿದ್ದಾನೆ, 1849ರ 'ಹಾಪ್ ಫ್ರಾಗ್' ಕತೆಯಲ್ಲಿ. ಕುಳ್ಳ ವಿದೂಷಕ, ಅವನಿಗೆ ಕುಡಿತ ಆಗಲ್ಲ. ರಾಜ ಬಲವಂತವಾಗಿ ಕುಡಿಸುತ್ತಾನೆ. ಬೇಡ ಅಂತ ಬೇಡಿಕೊಂಡ ಅವನ ಗೆಳತಿಯನ್ನು ತಳ್ಳಿ, ಬಟ್ಟಲಲ್ಲಿದ್ದ ಮದ್ಯವನ್ನು ಅವಳ ಮುಖಕ್ಕೆ ಎರಚುತ್ತಾನೆ. ಕಣ್ಣೆದುರು ನಡೆದ ಒಂದೇ ಅವಮಾನ. ಅದಕ್ಕೆ ಉತ್ತರವಾಗಿ ವಿದೂಷಕ ರಾಜನಿಗೂ ಏಳು ಮಂತ್ರಿಗಳಿಗೂ ಒರಾಂಗುಟಾನ್ ವೇಷ ಹಾಕಿಸುತ್ತಾನೆ. ಮೈಗೆ ಡಾಂಬರು, ಮೇಲೆ ನಾರು, ಎಲ್ಲರಿಗೂ ಸೇರಿಸಿ ಸರಪಳಿ. ಸರಪಳಿ ಮೇಲೆತ್ತಿ ಬೆಂಕಿ ಇಡುತ್ತಾನೆ. ರಾಜನೇ ಖುಷಿಯಿಂದ ಒಪ್ಪಿದ ವೇಷ ಅದು, ನೆನಪಿರಲಿ.

ಹಾಗಾಗಿ ಪಹಣಿ, ಕೋರ್ಟು, ಪಾಲುಪತ್ರ ಎಲ್ಲ ತೆಗೆಯಿರಿ. ಅಪ್ಪನ ತಿಥಿಯ ದಿನ ಊಟದ ಪಂಕ್ತಿಯಿಂದ ಅಣ್ಣ ತಮ್ಮನನ್ನು ಎಬ್ಬಿಸಿದ ಅಂತ ಒಂದು ಪ್ಯಾರಾ ಬರೆಯಿರಿ. ಎಲೆಗೆ ಅನ್ನ ಬಡಿಸಿ ಆಗಿತ್ತು ಅಂತ ಸೇರಿಸಿ. ಸಾಕು.

ಅಂದಹಾಗೆ ಆಸ್ತಿ ಜಗಳ ಗೋಥಿಕ್‌ಗೆ ಹೊಸದೇನಲ್ಲ. 1764ರಲ್ಲಿ ಬಂದ, ಮೊದಲ ಗೋಥಿಕ್ ಕಾದಂಬರಿ ಅಂತ ಎಲ್ಲರೂ ಹೇಳುವ ಹೊರೇಸ್ ವಾಲ್ಪೋಲ್‌ನ 'ದಿ ಕಾಸಲ್ ಆಫ್ ಒಟ್ರಾಂಟೊ' ನಿಂತಿರೋದೇ ವಿಷ ಹಾಕಿ, ಖೊಟ್ಟಿ ಉಯಿಲು ಮಾಡಿ ಕೋಟೆ ಹೊಡೆದುಕೊಂಡ ಒಬ್ಬ ಅಜ್ಜನ ಪಾಪದ ಮೇಲೆ.

ಜೋಳದ ಸೀಮೆಯವ:

ಇಟಲಿ ತನಕ ಯಾಕ್ರೀ ಹೋಗಬೇಕು? ನಮ್ಮ ಕಡೆ ಹಳೇ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಾಯಿ ಸಣ್ಣದು, ಒಳಗೆ ಅಗಲ. ತುಂಬಿ ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮೆತ್ತಿದರೆ ಮೇಲೆ ಓಡಾಡಿದರೂ ಗೊತ್ತಾಗಲ್ಲ. ನಮ್ಮ ಅಜ್ಜಿ ಮನೆಯ ಪಡಸಾಲೆಯಲ್ಲೇ ಒಂದಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನು ಅಲ್ಲೇ ಉಸಿರುಗಟ್ಟುತ್ತಾನೆ. ಬಾಯಿ ತೆರೆದಿಟ್ಟು ಗಾಳಿ ಆಡಲು ಬಿಡುತ್ತಿದ್ದರು. ಮಕ್ಕಳು ಆ ಕಡೆ ಸುಳಿದರೆ ಬೆನ್ನಿಗೆ ಗುದ್ದು.

ಈಗ ಯೋಚನೆ ಮಾಡಿ. ಬಾಯಿ ಯಾವಾಗ ತೆಗೆದದ್ದು ಅನ್ನೋದು ತಮ್ಮನಿಗೆ ಗೊತ್ತು, ಪಟ್ಟಣದಿಂದ ಬಂದ ಅಣ್ಣನಿಗೆ ಗೊತ್ತಿಲ್ಲ. ಒಂದು ಸುಳ್ಳು ಸಾಕು. ಭೂತ ಬೇಡ, ಗೂಬೆನೂ ಬೇಡ. ಮಲೆನಾಡಲ್ಲಿ ಹಗೇವು ಇರಲ್ಲ ಅನ್ನಬೇಡಿ, ಕತೆಯನ್ನೇ ನಮ್ಮ ಕಡೆ ತನ್ನಿ. ಇಲ್ಲಾ ನಿಮ್ಮ ಮನೆಯಲ್ಲಿ ನಿಜವಾಗಿ ಅಪಾಯ ಇರೋ ಜಾಗ ಹುಡುಕಿ.

ತಾಳಮದ್ದಳೆ ಹುಚ್ಚ:

ಗೂಬೆ ತೆಗೆಯೋಕೆ ನನ್ನ ವಿರೋಧ ಇದೆ! ಮಹಾಭಾರತದ ಸೌಪ್ತಿಕ ಪರ್ವ ನೋಡಿ. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ರಾತ್ರಿ ಆಲದ ಮರದ ಕೆಳಗೆ ಅಶ್ವತ್ಥಾಮನಿಗೆ ನಿದ್ದೆ ಇಲ್ಲ. ಮಲಗಿದ್ದ ಕಾಗೆಗಳನ್ನು ಒಂದು ಗೂಬೆ ಬಂದು ಸದ್ದಿಲ್ಲದೆ ಕೊಲ್ಲುತ್ತದೆ. ಅಪ್ಪನ ಸಾವಿನ ಸೇಡಿಗೆ ದಾರಿ ಸಿಕ್ಕಿದ್ದು ಅಲ್ಲೇ. ಎದ್ದು ಪಾಂಡವರ ಪಾಳೆಯಕ್ಕೆ ಹೋಗಿ ಮಲಗಿದ್ದವರನ್ನು ಕೊಲ್ಲುತ್ತಾನೆ. ಆ ಗೂಬೆ ಸುಮ್ನೆ ಕೂಗಲಿಲ್ಲ, ಪಾಠ ಹೇಳಿಕೊಟ್ಟಿತು. ಅಂಥ ಗೂಬೆ ಇದ್ದರೆ ಇಟ್ಟುಕೊಳ್ಳಿ.

ಕಾಫಿತೋಟದವಳು:

ಎಲ್ಲರಿಗೂ ಥ್ಯಾಂಕ್ಸ್. ಪಂಕ್ತಿಯ ಅವಮಾನ ಇಟ್ಟುಕೊಳ್ಳುತ್ತೇನೆ, ತಮ್ಮನೇ ಕತೆ ಹೇಳುವ ಹಾಗೆ ಬದಲಾಯಿಸುತ್ತೇನೆ. ಮೇಷ್ಟ್ರೇ, ಒಂದು ಅನುಮಾನ. ಕೊನೆಗೆ ಅಣ್ಣನಿಗೆ 'ಇದು ಇಂಥದ್ದಕ್ಕೆ ಸೇಡು' ಅಂತ ಗೊತ್ತಾಗಬೇಕಾ?

ಹಳೇ ಮೇಷ್ಟ್ರು:

ಆ ಕತೆಯ ಗಂಟು ಇರೋದೇ ಅಲ್ಲಿ. ಮಾಂಟ್ರೆಸರ್ ಶುರುವಿನಲ್ಲೇ ಎರಡು ಷರತ್ತು ಹಾಕುತ್ತಾನೆ. ಸೇಡು ತೀರಿಸಿದವನಿಗೆ ಶಿಕ್ಷೆ ಆಗಬಾರದು. ತೀರಿಸುತ್ತಿರೋದು ಯಾರು, ಯಾಕೆ ಅಂತ ಎದುರಿನವನಿಗೆ ತಿಳಿಯಬೇಕು. ಈಗ ಕೊನೆ ನೋಡಿ. ಹನ್ನೊಂದನೇ ವರಸೆಯ ಕಲ್ಲು ಕೂರುತ್ತಿದೆ. ಒಳಗಿನವನು ಮೊದಲು ಕಿರುಚಿದ, ಆಮೇಲೆ ನಕ್ಕ, ದೇವರ ಆಣೆ ಇಟ್ಟು ಬೇಡಿಕೊಂಡ. 'ಯಾಕೆ' ಅಂತ ಕೇಳಲೇ ಇಲ್ಲ. ಇವನೂ ಹೇಳಲಿಲ್ಲ. ಕೂಗಿ ಕರೆದರೆ ಬಂದದ್ದು ಹಬ್ಬದ ವೇಷಕ್ಕೆ ಫಾರ್ಚುನಾಟೊ ಹಾಕಿದ್ದ ಟೊಪ್ಪಿಯ ಗೆಜ್ಜೆ ಸದ್ದು ಮಾತ್ರ. ಅಂದರೆ ಮಾಂಟ್ರೆಸರ್‌ನದೇ ಲೆಕ್ಕದಲ್ಲಿ ಎರಡನೇ ಷರತ್ತು ಪೂರೈಸಿತೋ ಇಲ್ಲವೋ ಅನುಮಾನ. ಅಲ್ಲೇ ಎದೆ ಒಂಥರಾ ಆಯಿತು ಅಂತ ಬೇರೆ ಹೇಳುತ್ತಾನೆ, ತಕ್ಷಣ 'ತೇವದಿಂದ' ಅಂತ ಸೇರಿಸುತ್ತಾನೆ. ನಂಬ್ತೀರಾ? ಅರ್ಧ ಶತಮಾನ ಆದಮೇಲೂ ಒಂದೊಂದು ಕಲ್ಲಿನ ಲೆಕ್ಕ ಅವನಿಗೆ ನೆನಪಿದೆ. ಮೊದಲ ಷರತ್ತಿನ ಮೇಲೂ ನನಗೆ ಅನುಮಾನ.

ನಿಮ್ಮ ತಮ್ಮನೂ ತನಗೊಂದು ನಿಯಮ ಹಾಕಿಕೊಳ್ಳಲಿ. ಅದು ಎಲ್ಲೋ ಒಂದು ಕಡೆ ಮುರಿಯಲಿ. ಮುರಿದದ್ದು ಅವನಿಗೆ ಕಾಣಬಾರದು, ಓದುವವರಿಗೆ ಕಾಣಬೇಕು.

ಕಾಫಿತೋಟದವಳು:

ಅಯ್ಯೋ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಾಗಾದರೆ ತಮ್ಮ ಯಾರಿಗೆ ಕತೆ ಹೇಳ್ತಾನೆ? ಸುಮ್ನೆ ಗಾಳಿಗೆ ಹೇಳೋಕಾಗಲ್ಲ.

ಪ್ರೂಫ್ ನೋಡುವವಳು:

ಮಾಂಟ್ರೆಸರ್ 'ನನ್ನ ಆತ್ಮ ಬಲ್ಲ ನೀನು' ಅಂತ ಯಾರಿಗೋ ಹೇಳುತ್ತಾನೆ, ಆ ಮನುಷ್ಯ ಯಾರು ಅಂತ ಗೊತ್ತಾಗಲ್ಲ. ಪಾದ್ರಿ ಇರಬಹುದು ಅಂತ ಬಹಳ ಜನರ ಊಹೆ. ನೀವು ಪೊಲೀಸು, ವಕೀಲರ ಹತ್ತಿರ ಹೋಗಬೇಡಿ, ಅದು ತಪ್ಪೊಪ್ಪಿಗೆ ಆಗಿಬಿಡುತ್ತದೆ. ಮನೆ ಕೊಳ್ಳೋಕೆ ಬಂದವನಿಗೆ ಹೇಳಲಿ. ಒಂದೊಂದೇ ಕೋಣೆ ತೋರಿಸುತ್ತಾ, ಬಹಳ ಮರ್ಯಾದೆಯಿಂದ, 'ಬನ್ನಿ ಸ್ವಾಮಿ' ಅನ್ನುತ್ತಾ. ಗಿರಾಕಿ ಓಡಿಹೋಗಬೇಕು ಅಂತ ಇವನ ಆಸೆಯೋ, ನಿಜ ಹೇಳಿಬಿಡಬೇಕು ಅಂತಲೋ ಕೊನೆವರೆಗೂ ತಿಳಿಯಬಾರದು.

ಕಾಫಿತೋಟದವಳು:

ನಮ್ಮ ಕಡೆ ಮನೆ ನೋಡೋಕೆ ಬಂದವರು ಮೊದಲು ಕೇಳೋದು ಬಾವಿ ನೀರಿನ ಬಗ್ಗೆ. ಅಲ್ಲಿಂದಲೇ ಶುರು ಮಾಡ್ತೀನಿ.