58 ಮಕ್ಕಳಿಗೆ ಇಬ್ಬರು ಶಿಕ್ಷಕರು: ಮೂರನೇ ಶಿಕ್ಷಕರು ಬೇಕು ಅಂತ ಕೇಳೋದು ಹೇಗೆ?

ಪ್ರಶ್ನೆ: 1ರಿಂದ 5ನೇ ತರಗತಿವರೆಗಿನ ಸರ್ಕಾರಿ ಶಾಲೆ. ಮಕ್ಕಳು 58, ಶಿಕ್ಷಕರು ಇಬ್ಬರು. ಒಬ್ಬ ಶಿಕ್ಷಕರಿಗೆ ತಲಾ 29 ಮಕ್ಕಳು ಬರುತ್ತೆ, 30ರ ಮಿತಿಯ ಒಳಗೇ ಇದೆ ಅಂತಾರೆ ಇಲಾಖೆಯವರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಏನು ಮಾಡಬಹುದು?

ಉತ್ತರ 1: ಅವರ ಲೆಕ್ಕ ಸರಿಯಾಗೇ ಇದೆ ಸಾರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು. ನಿಮಗೆ ಬೇಕಿರೋದು ಮೂರೇ ಮಕ್ಕಳು! ತರಗತಿಗೆ ಬರ್ತಿದ್ದೂ ಸ್ಯಾಟ್ಸ್‌ನಲ್ಲಿ (ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆ) ಹೆಸರು ಏರದವರು ಇದ್ದಾರಾ ಮೊದಲು ನೋಡಿ. ಹಳೇ ಶಾಲೆಯವರು ಟಿಸಿ ಕೊಡದೆ ಹೆಸರು ಅಲ್ಲೇ ಉಳಿದಿದ್ದರೆ, ಆ ಮಗು ಅವರ ಲೆಕ್ಕಕ್ಕೇ ಸೇರುತ್ತೆ.

ಉತ್ತರ 2: ಅನುಪಾತ ಒಂದನ್ನೇ ಹಿಡ್ಕೊಂಡ್ರೆ ಕಷ್ಟ. ನಲಿಕಲಿಯಲ್ಲಿ (ಚಟುವಟಿಕೆ ಮೂಲಕ ಒಟ್ಟಿಗೆ ಕಲಿಸುವ ಪದ್ಧತಿ) 1ರಿಂದ 3ನೇ ತರಗತಿ ಒಂದು ಕೋಣೆ, 4–5 ಇನ್ನೊಂದು. ಒಬ್ಬರು ಮೀಟಿಂಗಿಗೆ ಹೋದರೆ ಆವತ್ತು 58 ಮಕ್ಕಳಿಗೆ ಒಬ್ಬರೇ, ಮಧ್ಯಾಹ್ನದ ಬಿಸಿಯೂಟದ ಲೆಕ್ಕವೂ ಅವರದ್ದೇ. ಮೂರು ತಿಂಗಳ ಹಾಜರಿ ಪುಸ್ತಕ ತೆಗೆದು, ಒಬ್ಬರೇ ಇದ್ದ ದಿನಗಳನ್ನು ತಾರೀಖು ಸಮೇತ ಪಟ್ಟಿ ಮಾಡಿ. ಎಸ್‌ಡಿಎಂಸಿ ನಡಾವಳಿಗೆ ಸೇರಿಸಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ ದೂರು ಟೇಬಲ್ ದಾಟಲ್ಲ.

ಪ್ರಶ್ನೆ ಕೇಳಿದವರು: ಒಬ್ಬರನ್ನು ಬೇರೆ ಕಚೇರಿಗೆ ನಿಯೋಜನೆ ಮಾಡೋ ಮಾತೂ ಇದೆ.

ಉತ್ತರ 2: ಹಾಗಿದ್ರೆ ಅರ್ಜಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 25(2) ಕಲಂ ಬರೀರಿ. ಒಂದು ಶಾಲೆಗೆ ಹಾಕಿದವರನ್ನು ಬೇರೆ ಶಾಲೆ, ಕಚೇರಿ ಕೆಲಸಕ್ಕೆ ಕಳಿಸುವಂತಿಲ್ಲ. 27ರ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಮಾತ್ರ ವಿನಾಯಿತಿ.

ಉತ್ತರ 3: ಮುಂದೆ 6–8 ಶುರುವಾದರೆ ಲೆಕ್ಕವೇ ಬೇರೆ. 35ಕ್ಕೆ ಒಬ್ಬರು, ಜೊತೆಗೆ ವಿಜ್ಞಾನ-ಗಣಿತ, ಸಮಾಜ, ಭಾಷೆಗೆ ಕನಿಷ್ಠ ಒಬ್ಬೊಬ್ಬರು. ಮಕ್ಕಳು ಇಪ್ಪತ್ತೇ ಇದ್ದರೂ ಸರಿ.